ಓಬಳಯ್ಯನವರು ನಿದ್ದೆ ಕಲಿತದ್ದು

1978ರ ಬೇಸಿಗೆಯಲ್ಲಿ, ಓಬಳಯ್ಯನವರು ಹಾರ್ಮೋನಿಯಂ ನುಡಿಸುತ್ತಿದ್ದ ನಾಟಕ ಕಂಪನಿ ದಾವಣಗೆರೆಯಲ್ಲಿ ಡೇರೆ ಬಿಚ್ಚಿ, ಪರದೆ ಬೆಂಚುಗಳನ್ನೆಲ್ಲ ಮಾರಿ, ಬಾಗಿಲು ಹಾಕಿತು. ಅದೇ ತಿಂಗಳು ಗುಬ್ಬಿಯಲ್ಲಿ ಅವರ ಹೆಂಡತಿ ನರಸಿಂಹಮ್ಮನವರಿಗೆ ಪ್ರೈಮರಿ ಸ್ಕೂಲಿನವರು ಹಾರ ಹಾಕಿ, ಶಾಲು ಹೊದಿಸಿ, ನಿವೃತ್ತಿ ಕೊಟ್ಟು ಕಳಿಸಿದರು. ಮದುವೆಯಾಗಿ ಮೂವತ್ತು ವರ್ಷ ದಾಟಿದ್ದರೂ ಗಂಡಹೆಂಡತಿ ಒಂದೇ ಸೂರಿನಡಿ ಕಳೆದದ್ದು ಬರೀ ಮಳೆಗಾಲದ ಕೆಲವು ವಾರಗಳನ್ನು. ಮಳೆ ಹಿಡಿದರೆ ಕಂಪನಿಗೆ ರಜೆ. ಆಗ ಊರಿಗೆ ಬಂದು, ಮಹಾನವಮಿ ಹತ್ತಿರವಾದಂತೆ ಓಬಳಯ್ಯ ಮತ್ತೆ ಹೊರಟುಬಿಡುತ್ತಿದ್ದರು. ಮಗಳು ಸರ್ವಮಂಗಳ ಹುಟ್ಟಿದ್ದು, ಓದಿದ್ದು, ಮದುವೆಯಾಗಿ ತುಮಕೂರಿನ ಬಟವಾಡಿಯಲ್ಲಿ ಮನೆ ಮಾಡಿದ್ದು, ಎಲ್ಲವೂ ತಾಯಿಯ ಉಸ್ತುವಾರಿಯಲ್ಲೇ ನಡೆದಿತ್ತು.

ಈ ಸಲ ಓಬಳಯ್ಯ ಬಂದದ್ದು ಉಳಿಯುವುದಕ್ಕೆ. ಮೊದಲ ವಾರವೆಲ್ಲ ಇಬ್ಬರೂ ನೆಂಟರ ಮನೆಯಲ್ಲಿದ್ದವರಂತೆ ನಡೆದುಕೊಂಡರು. ಸಾರಿಗೆ ಬೆಲ್ಲ ಹಾಕಿದರೆ ಗಂಡನಿಗೆ ಸೇರುತ್ತದೋ ಇಲ್ಲವೋ ಎಂಬುದು ನರಸಿಂಹಮ್ಮನವರಿಗೆ ಗೊತ್ತಿರಲಿಲ್ಲ. ಬೇಳೆ ಡಬ್ಬ ಎಲ್ಲಿದೆ ಎಂಬುದು ಓಬಳಯ್ಯನವರಿಗೆ ಗೊತ್ತಿರಲಿಲ್ಲ. ಇವೆಲ್ಲ ಸರಿಹೋಗುವಂಥವೇ. ಸರಿಹೋಗದೆ ಉಳಿದದ್ದು ನಿದ್ದೆಯ ವಿಷಯ. ಮಳೆಗಾಲದಲ್ಲಿ ಬಂದುಹೋಗುವಾಗ, ಹೇಗೂ ನಾಲ್ಕು ದಿನದ ಮಾತು ಎಂದು ಇಬ್ಬರೂ ಹೇಗೋ ಸುಧಾರಿಸಿಕೊಳ್ಳುತ್ತಿದ್ದರು.

ಕಂಪನಿಯವರಿಗೆ ಹಗಲು ಹುಟ್ಟುವುದೇ ಸಂಜೆಗೆ. ಊರೆಲ್ಲ ಉಂಡಮೇಲೆ ಪರದೆ ಏಳುತ್ತದೆ. ಮಂಗಳ ಹಾಡುವ ಹೊತ್ತಿಗೆ ಕೋಳಿ ಕೂಗುವುದೊಂದು ಬಾಕಿ. ಆಮೇಲೆ ಊಟ, ಆಮೇಲೆ ನಿದ್ದೆ, ಏಳುವುದು ಮಧ್ಯಾಹ್ನ. ನಲವತ್ತು ವರ್ಷ ಹೀಗೆ ನಡೆದುಬಂದ ದೇಹ, ಕಂಪನಿ ಮುಚ್ಚಿತು ಎಂದ ಮಾತ್ರಕ್ಕೆ ಗುಬ್ಬಿಯ ಗಡಿಯಾರಕ್ಕೆ ಒಗ್ಗಲಿಲ್ಲ. ನರಸಿಂಹಮ್ಮನವರದು ಇದಕ್ಕೆ ತದ್ವಿರುದ್ಧ. ಒಂಬತ್ತಕ್ಕೆ ದೀಪ ಆರಿಸಿ, ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕುವವರು. ನಿವೃತ್ತಿಯಾದ ಮರುದಿನವೂ ಹಾಗೇ ಎದ್ದಿದ್ದರು.

ಓಬಳಯ್ಯ ಕತ್ತಲಲ್ಲಿ ಸೂರು ನೋಡುತ್ತಾ ಮಲಗಿರುತ್ತಿದ್ದರು. ಬೇಸರವಾದರೆ ಎದ್ದು, ಹೆಂಡತಿಗೆ ಎಚ್ಚರವಾಗಬಾರದೆಂದು ಬೆಕ್ಕಿನ ಹೆಜ್ಜೆ ಇಟ್ಟು, ಸರಿಯಾಗಿ ನೀರಿನ ಕೊಡದ ಮೇಲೇ ಬೀಳುತ್ತಿದ್ದರು. ಜಗಲಿಯ ಮೇಲೆ ಕೂತು ನಶ್ಯ ಏರಿಸಿ ಸೀನುತ್ತಿದ್ದರು. ಒಳಗೆ ಮಲಗಿದ್ದ ನರಸಿಂಹಮ್ಮನವರಿಗೆ ಪ್ರತಿಯೊಂದು ಸದ್ದೂ ಕೇಳುತ್ತಿತ್ತು. ಆದರೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಅಷ್ಟು ವರ್ಷದ ಮೇಲೆ ಮನೆಗೆ ಬಂದಿರುವ ಮನುಷ್ಯನಿಗೆ, ನೀವು ಸದ್ದು ಮಾಡುತ್ತೀರಿ ಎಂದು ಹೇಳುವುದು ಹೇಗೆ?

ಒಂದು ಭಾನುವಾರ ಸರ್ವಮಂಗಳ ತವರಿಗೆ ಬಂದಳು. ಅಪ್ಪ ಹನ್ನೊಂದು ಗಂಟೆಯಾದರೂ ಮಲಗೇ ಇದ್ದರು. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಲ್ಲೇ ತೂಕಡಿಸುತ್ತಿದ್ದರು. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು.

"ಇದೇನಮ್ಮ, ಇಬ್ರ ಕಣ್ಣೂ ಹಿಂಗೆ ಊದ್ಕೊಂಡಿವೆ? ಜಗಳ ಏನಾರ ಆಡಿದ್ರಾ?"

"ಜಗಳ ಆಡೋಕೆ ಇಬ್ರೂ ಒಂದೇ ಹೊತ್ತಲ್ಲಿ ಎಚ್ರವಾಗಿರ್ಬೇಕಲ್ಲ," ಎಂದರು ನರಸಿಂಹಮ್ಮ.

ಮಗಳು ಅಪ್ಪನನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಡಾಕ್ಟರು, ನಾಲ್ಕು ದಿನಕ್ಕೆ ಮಾತ್ರ ಎಂದು ಒತ್ತಿ ಹೇಳಿ ಮಾತ್ರೆ ಬರೆದುಕೊಟ್ಟರು. ಮೊದಲನೆಯ ಮಾತ್ರೆಗೇ ಓಬಳಯ್ಯ ಕಲ್ಲಿನಂತೆ ಬಿದ್ದುಕೊಂಡರು. ಬೆಳಿಗ್ಗೆ ಎದ್ದವರು ಹಾರ್ಮೋನಿಯಂ ಮುಂದೆ ಕೂತರೆ ಬೆರಳುಗಳು ಬೇರೆ ಯಾರದೋ ಎಂಬಂತೆ ಸ್ವರದ ಮನೆಗಳ ಮೇಲೆ ಸುಮ್ಮನೆ ಬಿದ್ದಿದ್ದವು.

"ಇದು ನಿದ್ದೆ ಅಲ್ಲ ಕಣಮ್ಮ," ಎಂದರು ಮಗಳಿಗೆ. "ಯಾರೋ ಗೋಣಿಚೀಲದೊಳಕ್ಕೆ ತುಂಬಿ, ಬಾಯಿ ಕಟ್ಟಿ, ಬೆಳಿಗ್ಗೆ ಬಿಚ್ಚಿದಂಗೈತೆ."

ಉಳಿದ ಮಾತ್ರೆಗಳು ಹಾಗೇ ಉಳಿದವು.

ಎದುರುಮನೆಯ ಬಸವಲಿಂಗಮ್ಮ, ಕುಣಿಗಲ್ಲಿನಲ್ಲಿ ಸೀತಾರಾಮಯ್ಯ ಅಂತ ಒಬ್ಬ ಪಂಡಿತರಿದ್ದಾರೆ, ತನ್ನ ತಮ್ಮನ ಹೊಟ್ಟೆನೋವು ಅವರ ಕೈಯಲ್ಲೇ ವಾಸಿಯಾದದ್ದು ಎಂದು ಹೇಳಿದರು. ಹೊಟ್ಟೆನೋವಿಗೂ ನಿದ್ದೆಗೂ ಏನು ಸಂಬಂಧವೋ ನರಸಿಂಹಮ್ಮನವರಿಗೆ ತಿಳಿಯಲಿಲ್ಲ. ಆದರೂ ಒಂದು ಬುಧವಾರ ಬುತ್ತಿ ಕಟ್ಟಿಕೊಂಡು ಗಂಡನನ್ನು ಹೊರಡಿಸಿದರು. ಗುಬ್ಬಿಯಿಂದ ತುಮಕೂರು, ಅಲ್ಲಿ ಬಸ್ಸು ಬದಲಾಯಿಸಿ ಕುಣಿಗಲ್. ಮಗಳಿಲ್ಲದೆ, ನೆಂಟರಿಲ್ಲದೆ, ಇಬ್ಬರೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋಗುತ್ತಿದ್ದುದು ಅದೇ ಮೊದಲು. ಕುಣಿಗಲ್ ಕೆರೆ ಕಂಡಾಗ ಓಬಳಯ್ಯ ಕಿಟಕಿಯ ಪಕ್ಕದ ಜಾಗ ಬಿಟ್ಟು, "ಈ ಕಡೆ ಬಾ, ನೀರು ಚೆನ್ನಾಗಿ ಕಾಣ್ತೈತೆ," ಎಂದರು.

ಪಂಡಿತರ ಅಂಗಡಿ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿತ್ತು. ಬೇರು, ತೊಗಟೆಗಳ ವಾಸನೆಯ ನಡುವೆ ದಪ್ಪ ಕನ್ನಡಕದ ಸೀತಾರಾಮಯ್ಯ ಕೂತಿದ್ದರು. ಓಬಳಯ್ಯನವರ ನಾಡಿ ಹಿಡಿದು ನೋಡಿ, ಕಾಫಿ ಎಷ್ಟು ಸಲ ಕುಡಿಯುತ್ತೀರಿ ಎಂದು ಕೇಳಿದರು.

"ಲೆಕ್ಕ ಇಟ್ಟಿಲ್ಲ ಸ್ವಾಮಿ. ಕೊಟ್ಟಾಗೆಲ್ಲ ಕುಡೀತೀನಿ."

"ಕೊಡದೇ ಇದ್ದಾಗ ಹೋಟ್ಲಿಗೆ ಹೋಗಿ ಕುಡೀತಾರೆ," ಎಂದರು ನರಸಿಂಹಮ್ಮ.

ಪಂಡಿತರು ಅವರತ್ತ ತಿರುಗಿದರು. "ತಾಯಿ, ನಿಮ್ಮ ನಿದ್ದೆ ಹೇಗಿದೆ?"

"ನನಗೇನು, ಚೆನ್ನಾಗೇ ಮಲಗ್ತೀನಿ."

"ಹಾಗಂತ ನಿಮ್ಮ ಕಣ್ಣು ಹೇಳ್ತಾ ಇಲ್ಲ," ಎಂದು ಪಂಡಿತರು ಅವರ ಕೈಯನ್ನೂ ಚಾಚಲು ಹೇಳಿ ನಾಡಿ ನೋಡಿದರು. "ನಾನು ಇವರೊಬ್ಬರಿಗೆ ಔಷಧಿ ಕೊಡೋದಿಲ್ಲ. ನಿಮ್ಮ ಮನೆಗೇ ಕೊಡ್ತೀನಿ. ಇಬ್ಬರೂ ತಗೋಬೇಕು, ಒಂದೇ ಹೊತ್ತಿಗೆ."

ಅಶ್ವಗಂಧದ ಪುಡಿಯನ್ನು ಪೊಟ್ಟಣ ಕಟ್ಟಿದರು. ರಾತ್ರಿ ಬಿಸಿ ಹಾಲಿಗೆ ಒಂದು ಚಮಚ ಪುಡಿ, ಗಸಗಸೆ ಅರೆದು ಸ್ವಲ್ಪ, ಮೇಲೆ ಜಾಯಿಕಾಯಿ ತೇಯ್ದು ಒಂದೇ ಚಿಟಿಕೆ. ಹೆಚ್ಚು ಹಾಕಿದರೆ ತಲೆ ಸುತ್ತುತ್ತದೆ ಎಂದು ಎಚ್ಚರಿಸಿದರು. ಮಲಗುವ ಮುಂಚೆ ಅಂಗಾಲಿಗೆ ಹರಳೆಣ್ಣೆ. ಊಟ ಬೇಗ. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ. ಹಾಸಿಗೆ ಸೇರಿದ ಮೇಲೆ ಮಾತಿಲ್ಲ.

"ಈ ಪುಡಿ ನಿದ್ದೆ ತರಿಸುತ್ತಾ ಸ್ವಾಮಿ?" ಓಬಳಯ್ಯ ಕೇಳಿದರು.

"ಪುಡಿ ಸ್ವಲ್ಪ ಕೈ ಹಿಡಿಯುತ್ತೆ, ಅಷ್ಟೇ. ದಿನಾ ಅದೇ ಹೊತ್ತಿಗೆ ಅದೇ ಕೆಲಸ ಮಾಡ್ತಾ ಬನ್ನಿ. ದೇಹ ಅನ್ನೋದು ಕರು ಇದ್ದ ಹಾಗೆ, ಕಟ್ಟೋ ಜಾಗ ರೂಢಿಯಾಗ್ಬೇಕು. ಒಂದು ತಿಂಗಳು, ಏನಾಯ್ತು ಏನಾಯ್ತು ಅಂತ ಕೇಳೋಕೆ ಬರಬೇಡಿ."

ಆ ರಾತ್ರಿಯಿಂದಲೇ ಶುರುವಾಯಿತು. ನರಸಿಂಹಮ್ಮನವರೊಳಗಿನ ಟೀಚರು ಎದ್ದು ಕೂತರು. ಏಳಕ್ಕೆ ತಟ್ಟೆ ಹಾಕಿದರು. ಎಂಟೂವರೆಗೆ ಎರಡು ಲೋಟ ಹಾಲು ತಂದಿಟ್ಟರು. ಓಬಳಯ್ಯ ಲೋಟವನ್ನು ಮೂಗಿನ ಹತ್ತಿರ ಹಿಡಿದು ಮುಖ ಹಿಂಡಿದರು.

"ಕುದುರೆ ಬೆವರಿನ ವಾಸನೆ ಹೊಡೀತೈತಲ್ಲೇ. ಕುಣಿಗಲ್ ಕುದುರೆ ಫಾರಂನಿಂದ ನೇರವಾಗಿ ತಂದವ್ರೇನೋ ಪಂಡಿತ್ರು."

"ಅದರ ಹೆಸರೇ ಅಶ್ವಗಂಧ. ಸುಮ್ನೆ ಕುಡೀರಿ."

"ನೀನು ಮೊದಲು ಕುಡಿ."

ನರಸಿಂಹಮ್ಮ ಒಂದೇ ಗುಟುಕಿಗೆ ಕುಡಿದು, ಮುಖದಲ್ಲಿ ಏನೂ ತೋರಿಸಬಾರದೆಂದು ಹಟದಿಂದ ನಿಂತರು. ತುಟಿಯ ಒಂದು ತುದಿ ಮಾತ್ರ ಮಾತು ಕೇಳಲಿಲ್ಲ. ಓಬಳಯ್ಯ ಅದನ್ನು ಕಂಡು ನಕ್ಕು, ಮೂಗು ಹಿಡಿದುಕೊಂಡು ತಾವೂ ಕುಡಿದರು.

ದೀಪ ಆರಿತು. ಓಬಳಯ್ಯ ಕೈಕಾಲು ನೀಟಾಗಿ ಚಾಚಿ ಅಲ್ಲಾಡದೆ ಮಲಗಿದರು. ಸ್ವಲ್ಪ ಹೊತ್ತಾದ ಮೇಲೆ ಕತ್ತಲಲ್ಲಿ ಅವರ ದನಿ ಬಂತು.

"ನಮ್ ಕಂಪನೀಲಿ ಹೆಣದ ಪಾತ್ರ ಮಾಡೋನು ಹಿಂಗೇ ಮಲಗ್ತಿದ್ದ. ಒಂದ್ಸಲ ಶಿವಮೊಗ್ಗದಲ್ಲಿ ಅವನ ಮೂಗಿನ ಮೇಲೆ ಜಿರಲೆ ಹತ್ತಿಬಿಡ್ತು. ಹೆಣ ಎದ್ದು ಕೂತು, ಜಿರಲೆ ಒದರಿ, ಮತ್ತೆ ಮಲಗ್ತು. ಜನ ಒನ್ಸ್ ಮೋರ್ ಅಂದ್ರು."

ನರಸಿಂಹಮ್ಮನವರಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡರೂ ಕೇಳಿಸಿತು. ಓಬಳಯ್ಯನವರಿಗೆ ಅಷ್ಟೇ ಸಾಕಾಯಿತು. ಒಂದಾದ ಮೇಲೊಂದು ಕಥೆ ಹೇಳಿದರು. ಮರುದಿನ ಬೆಳಿಗ್ಗೆ ನರಸಿಂಹಮ್ಮ ಏಳುವ ಹೊತ್ತಿಗೆ ಬಾಗಿಲಿಗೆ ಬಿಸಿಲು ಬಂದಿತ್ತು.

ಹೀಗೇ ಆದರೆ ಇಬ್ಬರೂ ಕಂಪನಿಯವರೇ ಆಗುತ್ತೇವೆ ಎಂದು ಅವರು ನಿಯಮ ಬಿಗಿ ಮಾಡಿದರು. ಮಾತೆಲ್ಲ ಹಾಸಿಗೆಗೆ ಮುಂಚೆ, ಜಗಲಿಯ ಮೇಲೆ. ಸುಮ್ಮನೆ ಕೂತು ಮಾತಾಡುವುದು ಬೇಡವೆಂದು ಗಂಡನ ಮುಂದೆ ಅರೆಯುವ ಪುಟ್ಟ ಕಲ್ಲು ಇಟ್ಟು ನೆನೆಸಿದ ಗಸಗಸೆ ಕೊಟ್ಟರು. ತಾಳ ಹಿಡಿದು ಪಳಗಿದ ಕೈ. ಗಸಗಸೆ ಬೆಣ್ಣೆಯಂತೆ ನುಣ್ಣಗಾಗುತ್ತಿತ್ತು. ಅರೆಯುತ್ತಾ ಓಬಳಯ್ಯ ಊರೂರಿನ ಕಥೆ ಹೇಳುತ್ತಿದ್ದರು. ಒಂದು ದಿನ ಅವರೇ ಕೇಳಿದರು:

"ನಾನೊಬ್ನೇ ಬಾಯಿ ಬಡ್ಕೊಂತಾ ಇದೀನಿ. ನೀನು ಹೇಳು."

"ನನ್ನ ಹತ್ರ ಏನಿದೆ ಹೇಳೋಕೆ? ಸ್ಕೂಲಿಗೆ ಹೋದೆ, ಬಂದೆ."

"ಅದನ್ನೇ ಹೇಳು."

ಆಗ ನರಸಿಂಹಮ್ಮ ನಿಧಾನವಾಗಿ ಶುರುಮಾಡಿದರು. ಮೊದಲು ಕೆಲಸಕ್ಕೆ ಸೇರಿದ್ದು ನಿಟ್ಟೂರಿನ ಕಡೆಯ ಒಂದು ಹಳ್ಳಿಯಲ್ಲಿ. ಬಸ್ಸು ಬರದ ದಿನ ನಡೆದೇ ಹೋಗುತ್ತಿದ್ದದ್ದು. ಸ್ಕೂಲಿನೊಳಕ್ಕೆ ಮೇಕೆ ನುಗ್ಗಿ ಹಾಜರಿ ಪುಸ್ತಕ ತಿಂದುಹಾಕಿದ್ದು. ಸರ್ವಮಂಗಳಳಿಗೆ ದಡಾರ ಬಂದಾಗ ಬಸವಲಿಂಗಮ್ಮ ತಮ್ಮ ಮನೆ ಬಿಟ್ಟು ಬಂದು ಪಕ್ಕದಲ್ಲೇ ಮಲಗಿದ್ದು. ಓಬಳಯ್ಯ ಅರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ದಡಾರದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

"ನನಗೊಂದು ಕಾಗದ ಹಾಕ್ಬಾರದಿತ್ತಾ?"

"ನೀವಾಗ ಯಾವೂರಲ್ಲಿದ್ರೋ. ಕಾಗದ ಸೇರೋ ಹೊತ್ತಿಗೆ ಮಗು ಎದ್ದು ಆಡ್ತಾ ಇತ್ತು."

ಅವರ ಮಾತಿನಲ್ಲಿ ದೂರಿರಲಿಲ್ಲ. ಅದೇ ಓಬಳಯ್ಯನವರ ಮನಸ್ಸಿಗೆ ತಾಕಿತು.

ಎರಡು ವಾರ ಕಳೆದರೂ ಅವರಿಗೆ ನಿದ್ದೆ ಬರುತ್ತಿದ್ದುದು ಸರಿರಾತ್ರಿ ದಾಟಿದ ಮೇಲೆಯೇ. ಆದರೆ ಈಗ ಹಾಸಿಗೆ ಬಿಟ್ಟು ಓಡಾಡುತ್ತಿರಲಿಲ್ಲ. ಸಂಜೆಯ ಕಾಫಿಯನ್ನು ಮಾತ್ರ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕದ್ದು ಕುಡಿಯುತ್ತಿದ್ದರು. ಮೀಸೆಯ ಮೇಲೆ ನೊರೆ ಇಟ್ಟುಕೊಂಡು ಮನೆಗೆ ಬಂದು ಸಿಕ್ಕಿಬಿದ್ದ ದಿನ ಅದನ್ನೂ ಬಿಟ್ಟರು.

ಉಳಿದಿದ್ದದ್ದು ಹರಳೆಣ್ಣೆಯ ಬಾಬತ್ತು. ಮಂಡಿನೋವಿನಿಂದಾಗಿ ಓಬಳಯ್ಯನವರಿಗೆ ಬಗ್ಗಿ ತಮ್ಮ ಅಂಗಾಲು ಮುಟ್ಟಲು ಆಗುತ್ತಿರಲಿಲ್ಲ. ನರಸಿಂಹಮ್ಮನವರೇ ಹಚ್ಚುತ್ತಿದ್ದರು. ಒಂದು ರಾತ್ರಿ ಹಚ್ಚಿ ಮುಗಿಸಿ ಬಟ್ಟಲು ಎತ್ತಿಕೊಳ್ಳುವಾಗ ಓಬಳಯ್ಯ ಬಟ್ಟಲು ಹಿಡಿದುಕೊಂಡರು.

"ನೀನು ಕೂತ್ಕೊ. ನಿನಗೆ ಯಾರು ಹಚ್ಚೋರು?"

"ಬ್ಯಾಡ ಸುಮ್ನಿರಿ. ಗಂಡ್ಸು ಹೆಂಡ್ತಿ ಕಾಲು ಮುಟ್ಟೋದಾ?"

"ಇಬ್ರೂ ತಗೋಬೇಕು ಅಂದವ್ರೆ ಪಂಡಿತ್ರು. ನೀನೇ ಹೇಳ್ತೀಯಲ್ಲ, ರೂಲ್ಸ್ ಅಂದ್ರೆ ರೂಲ್ಸ್ ಅಂತ."

ನರಸಿಂಹಮ್ಮ ಗೋಡೆಗೆ ಒರಗಿ, ಮುಖ ಆಚೆ ತಿರುಗಿಸಿಕೊಂಡು ಕಾಲು ಚಾಚಿದರು. ಓಬಳಯ್ಯ ಆ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹೆಂಡತಿಯ ಪಾದವನ್ನು ಅವರು ಸರಿಯಾಗಿ ನೋಡಿದ್ದು ಆಗಲೇ. ಹಿಮ್ಮಡಿ ಬೇಸಿಗೆಯ ಕೆರೆಯಂಗಳದಂತೆ ಸೀಳಿತ್ತು. ಕಿರುಬೆರಳು ಯಾವಾಗಲೋ ಎಡವಿ ಸೊಟ್ಟಗೆ ಕೂಡಿಕೊಂಡಿತ್ತು. ಬಸ್ಸು ಬರದ ದಿನಗಳಲ್ಲಿ ಹಳ್ಳಿಗೆ ನಡೆದ ಕಾಲು, ಕರಿಹಲಗೆಯ ಮುಂದೆ ದಿನವಿಡೀ ನಿಂತ ಕಾಲು. ಓಬಳಯ್ಯ ಎಣ್ಣೆಯನ್ನು ಅಂಗೈಯಲ್ಲಿ ಬಿಸಿ ಮಾಡಿಕೊಂಡು, ಸೀಳು ಸೀಳಿಗೂ ತಿಕ್ಕಿ, ಬೆರಳು ಬೆರಳನ್ನೂ ನೀವಿದರು. ಆಮೇಲೆ ಇನ್ನೊಂದು ಪಾದ. ಅವರಿಗೇ ಅರಿವಿಲ್ಲದೆ ಗಂಟಲಲ್ಲಿ ಒಂದು ರಾಗ ಶುರುವಾಗಿತ್ತು. ಕೊನೆಯ ಸಾಲಿನ ಪ್ರೇಕ್ಷಕನಿಗೆ ಮುಟ್ಟಬೇಕಾದ ರಾಗವಲ್ಲ. ಒಂದು ಮೊಳದಾಚೆಗೆ ಕೇಳದಷ್ಟು ಸಣ್ಣದು.

ತಲೆ ಎತ್ತಿದರೆ ನರಸಿಂಹಮ್ಮ ಬಾಯಿ ಸ್ವಲ್ಪ ತೆರೆದು, ಗೋಡೆಗೆ ಒರಗಿದಲ್ಲೇ ನಿದ್ದೆ ಹೋಗಿದ್ದರು. ಓಬಳಯ್ಯನವರಿಗೆ ಈಗ ಪೇಚಾಯಿತು. ಕಾಲು ಇಳಿಸಿದರೆ ಎಚ್ಚರವಾದೀತು, ಹಾಡು ನಿಲ್ಲಿಸಿದರೂ ಎಚ್ಚರವಾದೀತು. ಹಾಗೇ ನೀವುತ್ತಾ, ಹಾಗೇ ಗುನುಗುತ್ತಾ ಕೂತರು. ರಾಗ ಇನ್ನೂ ಸಣ್ಣದಾಯಿತು, ಕೈ ನಿಧಾನವಾಯಿತು. ಮುಂದೇನಾಯಿತೆಂಬುದು ಅವರಿಗೆ ಗೊತ್ತಾಗಲಿಲ್ಲ.

ಎಚ್ಚರವಾದಾಗ ಚಾಪೆಯ ಮೇಲೆ ಮುದುರಿ ಮಲಗಿದ್ದರು. ಮೈಮೇಲೆ ಯಾರೋ ಹೊದಿಕೆ ಹಾಕಿದ್ದರು. ಹೊರಗೆ ಬೆಳಕು ಹರಿಯುತ್ತಿತ್ತು. ಪಾತ್ರೆಯಲ್ಲಿ ನೀರು ತುಂಬುವ ಸದ್ದು. ಓಬಳಯ್ಯ ಬಾಗಿಲಿಗೆ ಬಂದು ನಿಂತರು.

"ಎಷ್ಟೊತ್ತೇ ಈಗ?"

"ಆರಾಯ್ತು."

"ಸಾಯಂಕಾಲ ಆರಾ?"

"ಬೆಳಿಗ್ಗೆ ಆರು ರೀ," ಎಂದು ನರಸಿಂಹಮ್ಮ ರಂಗೋಲಿ ಬಿಡುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು.

ಓಬಳಯ್ಯ ಬೆಳಗ್ಗಿನ ಆರು ಗಂಟೆಯನ್ನು ಎಷ್ಟೋ ಸಲ ನೋಡಿದ್ದರು, ಆದರೆ ಮಲಗಲು ಹೋಗುವವನ ಉರಿಗಣ್ಣಲ್ಲಿ. ನಿದ್ದೆ ಮಾಡಿ ಎದ್ದು ನೋಡಿದ್ದು ಹುಡುಗನಾಗಿದ್ದಾಗ ಇರಬೇಕು. ಮುಖ ತೊಳೆದು, ಶಾಲು ಹೊದ್ದು ಬೀದಿಗೆ ಇಳಿದೇಬಿಟ್ಟರು. ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಬಂತು. ಹಾಲಿನವನು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಹೋಟೆಲಿನಲ್ಲಿ ಮೊದಲ ಇಡ್ಲಿಯ ಹಬೆ ಏಳುತ್ತಿತ್ತು. ಬಸವಲಿಂಗಮ್ಮ ಬಾಗಿಲು ತೆರೆದವರು ಇವರನ್ನು ನೋಡಿ ಬೆಚ್ಚಿ, "ಏನ್ರಣ್ಣ, ಮೈಗೆ ಉಷಾರಿಲ್ವಾ?" ಎಂದು ಕೇಳಿದರು.

"ಉಷಾರಾಗಿಬಿಟ್ಟೈತೆ ಕಣವ್ವ, ಅದೇ ಗ್ರಹಚಾರ," ಎಂದು ಓಬಳಯ್ಯ ನಗುತ್ತಾ ಮುಂದೆ ನಡೆದರು. ಕೆರೆಯವರೆಗೂ ಹೋಗಿ, ಏರಿಯ ಕೆಳಗೆ ತೇವದಲ್ಲಿ ಬೆಳೆದಿದ್ದ ಒಂದೆಲಗದ ಸೊಪ್ಪನ್ನು ಕಿತ್ತು ಪಂಚೆಯ ತುದಿಯಲ್ಲಿ ಕಟ್ಟಿ ತಂದರು. ಅವತ್ತು ಚಟ್ನಿಯಾಯಿತು. ಮೂರು ಮುದ್ದೆ ಉಂಡರು.

ಎಲ್ಲ ರಾತ್ರಿಯೂ ಹಾಗೇ ಆಯಿತೆಂದಲ್ಲ. ಹಳೆಯ ಕಂಪನಿಯವನೊಬ್ಬ ತೀರಿಕೊಂಡ ಸುದ್ದಿ ಬಂದ ವಾರ ಓಬಳಯ್ಯ ಮತ್ತೆ ಸೂರು ನೋಡಿದರು. ಸೆಕೆಯ ದಿನಗಳಲ್ಲಿ ಇಬ್ಬರೂ ಬೀಸಣಿಗೆ ಹಿಡಿದು ಕೂತರು. ಆದರೂ ದೀಪಾವಳಿಯ ಹೊತ್ತಿಗೆ, ಎಂಟೂವರೆಗೆ ಹಾಲಿನ ಪಾತ್ರೆಯ ಸದ್ದಾದರೆ ಅವರಿಗೆ ತಾನಾಗಿ ಆಕಳಿಕೆ ಬರುವಷ್ಟು ರೂಢಿಯಾಗಿತ್ತು. ಬೆಳಿಗ್ಗೆ ಬಿಡುವು ಸಿಕ್ಕಿದ್ದರಿಂದ ಬೀದಿಯ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡತೊಡಗಿದರು. ಸರ್ವಮಂಗಳ ಬಂದಾಗ ಸಾರಿನಲ್ಲಿ ಉಪ್ಪು ಸರಿಯಾಗಿತ್ತು. ಅಪ್ಪ ಅಮ್ಮ ಜಗಲಿಯ ಮೇಲೆ ಒಂದು ಸಣ್ಣ ವಿಷಯಕ್ಕೆ ಜೋರಾಗಿ ಜಗಳ ಆಡುತ್ತಿದ್ದರು. ಅವಳು ಒಳಗೆ ಹೋಗಿ ಸಮಾಧಾನದಿಂದ ಕಾಫಿ ಕುಡಿದಳು.

ಆ ಚಳಿಗಾಲದಲ್ಲಿ ಸೀತಾರಾಮಯ್ಯ ಪಂಡಿತರು ಯಾವುದೋ ಮದುವೆಗೆಂದು ಗುಬ್ಬಿಗೆ ಬಂದಿದ್ದರು. ಸಂಜೆ ತಮ್ಮ ರೋಗಿಗಳನ್ನು ನೋಡಿಹೋಗೋಣವೆಂದು ಮನೆ ಹುಡುಕಿಕೊಂಡು ಬಂದು, ಮಾತಿನಲ್ಲಿ ತುಮಕೂರಿನ ಬಸ್ಸು ತಪ್ಪಿಸಿಕೊಂಡರು. ನರಸಿಂಹಮ್ಮ ಅವರಿಗೂ ನಡುಮನೆಯಲ್ಲಿ ಹಾಸಿಗೆ ಹಾಸಿದರು. ಓಬಳಯ್ಯ ಗಸಗಸೆ ಅರೆಯುವುದನ್ನು, ನರಸಿಂಹಮ್ಮ ಜಾಯಿಕಾಯಿ ತೇಯುವುದನ್ನು ಪಂಡಿತರು ಕನ್ನಡಕ ಏರಿಸಿಕೊಂಡು ನೋಡುತ್ತಾ ಕೂತರು.

"ನಾನು ಹೇಳಿದ್ದನ್ನ ಇಷ್ಟು ಚೆನ್ನಾಗಿ ಮಾಡಿದವರನ್ನ ನೋಡೇ ಇಲ್ಲ," ಎಂದರು. ಆಮೇಲೆ ಕನ್ನಡಕ ಕೆಳಗಿಳಿಸಿ, "ನಾನೇ ಮಾಡಿಲ್ಲ."

"ಅಂದ್ರೆ?" ಎಂದರು ನರಸಿಂಹಮ್ಮ.

"ನಮ್ಮ ಮನೆಯವರು ಹೋದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ ತಾಯಿ. ಊರಿಗೆಲ್ಲ ಪೊಟ್ಟಣ ಕಟ್ಟಿ ಕೊಡ್ತೀನಿ. ಒಬ್ಬನಿಗೋಸ್ಕರ ಯಾರು ಹಾಲು ಕಾಯಿಸ್ತಾರೆ ಅಂತ ಬೇಜಾರು. ಏನೋ ಓದ್ತಾ ಕೂತಿರ್ತೀನಿ."

ನರಸಿಂಹಮ್ಮ ಎದ್ದು ಒಳಗೆ ಹೋಗಿ ಮೂರು ಲೋಟ ತಂದರು. ಪಂಡಿತರು ಒಂದು ಗುಟುಕು ಕುಡಿದು, ಕನ್ನಡಕ ತೆಗೆದು, ಲೋಟದೊಳಕ್ಕೆ ಇಣುಕಿದರು.

"ಇದು ಇಷ್ಟು ಕೆಟ್ಟದಾಗಿರುತ್ತಾ?"

ಓಬಳಯ್ಯ ನಕ್ಕದ್ದು ಎದುರುಮನೆಗೂ ಕೇಳಿಸಿತು. "ಮೂಗು ಹಿಡ್ಕಂಡು ಕುಡೀರಿ ಸ್ವಾಮಿ. ಆಮೇಲೆ ರೂಢಿಯಾಗ್ತದೆ."

ಕಾಲಿಗೆ ಎಣ್ಣೆ ಬೇಡವೇ ಬೇಡ ಎಂದು ಪಂಡಿತರು ಸಂಕೋಚಪಟ್ಟರು. ನರಸಿಂಹಮ್ಮ ಸ್ಕೂಲಿನ ದನಿಯಲ್ಲಿ, "ಕೂತ್ಕೊಳ್ಳಿ," ಎಂದರು. ಅವರು ಕೂತರು. ಓಬಳಯ್ಯ ಹಾರ್ಮೋನಿಯಂ ತೆಗೆದು, ತಿದಿಯನ್ನು ಅರ್ಧ ಮಾತ್ರ ಒತ್ತುತ್ತಾ, ಬರೀ ಶ್ರುತಿ ಹಿಡಿದರು. ಪಂಡಿತರು ತಮ್ಮ ಕಾಲಿಗೆ ತಾವೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದವರು, ಎರಡನೆಯ ಪಾದಕ್ಕೆ ಬರುವ ಮೊದಲೇ ಪಕ್ಕದ ದಿಂಬಿಗೆ ವಾಲಿದರು.

ಬೆಳಿಗ್ಗೆ ಮೊದಲ ಬಸ್ಸು ಹೋಯಿತು. ಎರಡನೆಯದೂ ಹೋಯಿತು. ಸಂಗೀತಕ್ಕೆ ಬಂದ ಹುಡುಗಿಯರನ್ನು ಓಬಳಯ್ಯ ತುಟಿಯ ಮೇಲೆ ಬೆರಳಿಟ್ಟು ಬಾಗಿಲಿನಿಂದಲೇ ವಾಪಸು ಕಳಿಸಿದರು. ಬಿಸಿಲು ನಡುಮನೆಗೆ ಬಂದ ಮೇಲೆ ಎದ್ದ ಪಂಡಿತರು, ಎಣ್ಣೆ ಹಚ್ಚಿದ ಒಂದು ಪಾದವನ್ನೂ ಹಚ್ಚದ ಇನ್ನೊಂದನ್ನೂ ನೋಡಿಕೊಂಡು ನಾಚಿದರು. ಅಂಗಡಿ ತೆರೆಯುವ ಹೊತ್ತು ಮೀರಿಹೋಯಿತು ಎಂದು ಗಡಿಬಿಡಿ ಮಾಡಿದರೂ, ಅಕ್ಕಿರೊಟ್ಟಿ ಇನ್ನೊಂದು ಬೀಳಲಿ ಎಂದಾಗ ಬೇಡವೆನ್ನಲಿಲ್ಲ. ಗಂಡಹೆಂಡತಿ ಇಬ್ಬರೂ ಬಸ್ಸಿನವರೆಗೂ ಹೋಗಿ ಹತ್ತಿಸಿ ಬಂದರು.

ಮುಂದಿನ ಶನಿವಾರ ಸಂಜೆ ನರಸಿಂಹಮ್ಮ ದೀಪ ಹಚ್ಚುತ್ತಿದ್ದಾಗ ಬೀದಿಯಲ್ಲಿ ಚಪ್ಪಲಿಯ ಸದ್ದಾಯಿತು. ಓಬಳಯ್ಯ ಜಗಲಿಯಿಂದ ಇಣುಕಿ ನೋಡಿದರು. ಸೀತಾರಾಮಯ್ಯ ಪಂಡಿತರು ಬರುತ್ತಿದ್ದರು. ಕಂಕುಳಲ್ಲಿ ಅವರದೇ ಹಾಸಿಗೆ ಸುರುಳಿ ಇತ್ತು.